ಕಾರಣ ಕೇಳದ ಅತ್ತೆ

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವುದೋ ಸುಗ್ಗಿಯಲ್ಲಿ ಜೋಳ ಕೊಯ್ಯುವಾಗ ಕುಡಗೋಲು ತಾಗಿತ್ತಂತೆ. ಸೊಸೆಯನ್ನು ಹೆರಿಗೆ ವಾರ್ಡಿಗೆ ಸೇರಿಸುವ ಕಾಗದಕ್ಕೆ ಒತ್ತಲು ಆ ಹೆಬ್ಬೆರಳನ್ನು ಮುಂದೆ ಚಾಚಿದಾಗಲೇ ನಾನು ಅವರನ್ನು ಸರಿಯಾಗಿ ನೋಡಿದ್ದು. ಅಲ್ಲಿಯವರೆಗೂ ಬರೀ ಬೈಯುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಸಿಂದಗಿ ಸೀಮೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಮಧ್ಯಾಹ್ನದ ಹೊತ್ತು ನೋವು ತಿನ್ನುತ್ತಿದ್ದ ಸೊಸೆಯನ್ನು ಅವರು ಟಂಟಂ ಆಟೋದಲ್ಲಿ ಕರೆತಂದಿದ್ದರು. ತಾಯಿ ಕಾರ್ಡಿಲ್ಲ, ಒಂದು ಇಂಜೆಕ್ಷನ್ ಆಗಿಲ್ಲ, ರಕ್ತ ಪರೀಕ್ಷೆಯಂತೂ ಇಲ್ಲವೇ ಇಲ್ಲ. ಒಂಬತ್ತು ತಿಂಗಳು ಏನು ಮಾಡುತ್ತಿದ್ದಿರಿ ಎಂದು ರೇಗಿದೆ. ಅವರು ಸೊಸೆಯ ಬೆನ್ನು ನೀವುತ್ತಲೇ ಇದ್ದರು. ಮಗ ಸೊಸೆ ರತ್ನಾಗಿರಿ ಕಡೆ ರಸ್ತೆ ಕೆಲಸದಲ್ಲಿದ್ದರು, ಸೊಸೆ ಊರಿಗೆ ಬಂದು ಮೂರೇ ದಿನವಾಗಿತ್ತು, ಅವಳನ್ನು ಬಿಟ್ಟು ಮಗ ಹೆರಿಗೆಗೂ ಕಾಯದೆ ಮರಳಿದ್ದ ಎಂಬುದೆಲ್ಲ ಆಮೇಲೆ ತಿಳಿಯಿತು.

ಮೊದಲೇ ಹೆಸರು ಬರೆಸದೆ ನೇರ ಹೆರಿಗೆಗೆ ಬಂದವರಿಗೆ ಒಪ್ಪಿಗೆ ಕೇಳಿ ಅಲ್ಲೇ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದೆವು. ಆ ಹುಡುಗಿಯದು ಪಾಸಿಟಿವ್ ಬಂತು. ನೋವಿನ ನಡುವೆಯೇ ಕಿವಿಯಲ್ಲಿ ಹೇಳಿ ಮಾತ್ರೆ ನುಂಗಿಸಿದೆ. ಅವಳು ನನ್ನ ಮುಂಗೈ ಹಿಡಿದು, ಅತ್ತೆಗೆ ಹೇಳಬೇಡಿ ಎಂದಷ್ಟೇ ಬೇಡಿಕೊಂಡಳು. ಸಂಜೆಗೆ ಹೆಣ್ಣು ಕೂಸು ಹುಟ್ಟಿತು. ತಾಯಿಯ ಸೋಂಕು ಅದಕ್ಕೆ ದಾಟದಿರಲೆಂದು ಕೂಸಿನ ಬಾಯಿಗೂ ಔಷಧ ಹನಿಸಿದೆ. ದಾಟಿದೆಯೋ ಇಲ್ಲವೋ ಖಾತ್ರಿಯಾಗಲು ಒಂದೂವರೆ ವರ್ಷ ಕಾಯಬೇಕಿತ್ತು.

ಇನ್ನು ಹಾಲಿನ ಮಾತು. ಎದೆಹಾಲಿನಿಂದಲೂ ಸೋಂಕು ದಾಟಬಹುದು. ಆರು ತಿಂಗಳು ಬರೀ ಎದೆಹಾಲು, ಇಲ್ಲವೇ ಬರೀ ಹೊರಗಿನ ಹಾಲು. ಎರಡನ್ನೂ ಬೆರೆಸಬಾರದು ಎಂದು ಆಗ ನಾವು ಹೇಳುತ್ತಿದ್ದೆವು. ಹುಡುಗಿ ಹೊರಗಿನ ಹಾಲೇ ಇರಲಿ ಎಂದಳು. ಮನೆಯಲ್ಲಿ ಹಿಂಡುವ ಆಕಳಿತ್ತು. ಆದರೆ ಮೊದಲ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಜ್ಜಿಗೆ ಏನೆಂದು ಹೇಳುವುದು? ಸೊಸೆಗೆ ರಕ್ತ ಕಡಿಮೆ, ನಿಶ್ಶಕ್ತಿ ಎಂದು ಏನೇನೋ ತಡವರಿಸಿದೆ. ಅವರು ಕೂಸಿನ ಮುಖದಿಂದ ಕಣ್ಣೆತ್ತದೆ ಹೇಳಿದರು:

“ಕಾರಣಾ ಹೇಳಬ್ಯಾಡ್ರಿ ನರ್ಸ್‌ಬಾಯಾರ. ಏನ್ ಮಾಡ್ಬೇಕು, ಅಷ್ಟ ಹೇಳ್ರಿ.”

ಹೇಳಿದೆ. ಹಾಲು ಹೇಗೆ ಕಾಯಿಸಬೇಕು, ಬಟ್ಟಲು ಚಮಚೆ ಎಷ್ಟು ಹೊತ್ತು ಕುದಿಸಬೇಕು, ಬಾಟಲಿ ಯಾಕೆ ಬೇಡ. ಅಕ್ಷರ ಬಾರದ ಅವರು ಒಂದೊಂದನ್ನೂ ತಿರುಗಿ ನನಗೇ ಒಪ್ಪಿಸಿದರು.

ಆಮೇಲೆ ಕರೆದ ದಿನ ಮೊದಲ ಬಸ್ಸಿಗೇ ಬಂದು ಕೂತಿರುತ್ತಿದ್ದರು. ಕೂಸಿನ ತೂಕ ಮಾಡುವಾಗ ತಕ್ಕಡಿಯ ಮುಳ್ಳು ನೋಡದೆ ನನ್ನ ಮುಖ ನೋಡುತ್ತಿದ್ದರು. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲಿ ನನಗೊಂದು ಪಾಲು ಇರಲೇಬೇಕು. “ಹೊಟ್ಟಿ ತುಂಬಿದವರ ಮಾತು ಮೆತ್ತಗಿರ್ತಾವ್ರಿ” ಎನ್ನುತ್ತಿದ್ದರು. ಅದು ಮೊದಲ ದಿನದ ನನ್ನ ಬೈಗುಳಕ್ಕೆ ಕೊಟ್ಟ ಉತ್ತರವೆಂದು ಹೊಳೆಯಲು ನನಗೆ ಬಹಳ ದಿನ ಬೇಕಾದವು. ನಾನು ಅವರನ್ನು ಅಜ್ಜಿಯನ್ನು ಕರೆಯುವಂತೆ ಆಯಿ ಎಂದು ಕರೆಯತೊಡಗಿದ್ದೆ.

ಕೂಸಿಗೆ ನಾಲ್ಕು ತಿಂಗಳಾಗಿದ್ದಾಗ ಪೋಲಿಯೋ ಹನಿ ಹಾಕಲು ಮೋರಟಗಿ ಕಡೆ ಹೋದವಳು ಅವರ ಹಳ್ಳಿಗೂ ಹೋದೆ. ಬೋರಿಂಗ್ ಹತ್ತಿರ ನೀರಿಗೆ ನಿಂತ ಹೆಂಗಸರು ಆ ಮನೆ ಎಲ್ಲಿ ಎಂದು ಕೇಳುತ್ತಲೇ ಮೂಗು ಮುರಿದರು. ಆ ಮುದುಕಿ ಸೊಸೆಗೆ ಹೆತ್ತ ಕೂಸಿಗೆ ಮೊಲೆ ಕೊಡಲೂ ಬಿಡುವುದಿಲ್ಲವಂತೆ. ಅವಳ ಹಾಲು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ ಅನ್ನುತ್ತಾಳಂತೆ. ಎದೆ ಕಟ್ಟಿ ಜ್ವರ ಬಂದು ಹುಡುಗಿ ಒದ್ದಾಡಿದರೂ ಕರಗಲಿಲ್ಲವಂತೆ. ಎದೆಹಾಲು ಬೇಡವೆಂದು ಹೇಳಿದವಳು ನಾನೇ. ಆದರೂ ಮನೆತನದ ಆ ಮಾತು ಕೇಳಿ ನನಗೂ ಸಿಟ್ಟು ಬಂತು. ಆಸ್ಪತ್ರೆಯಲ್ಲಿ ಒಂದು, ಮನೆಯಲ್ಲಿ ಒಂದು ಎಂದುಕೊಂಡೆ.

ಹೋಗಿ ನೋಡಿದರೆ ಸೊಸೆ ಒಲೆಯ ಮುಂದೆ ಉಣ್ಣುತ್ತ ಕೂತಿದ್ದಳು. ಅತ್ತೆ ರೊಟ್ಟಿ ಬಡಿದು ಬಿಸಿಬಿಸಿಯಾಗಿ ಅವಳ ತಾಟಿಗೆ ಹಾಕುತ್ತಿದ್ದರು. ಬೋರಿಂಗ್ ಹತ್ತಿರ ಕೇಳಿದ್ದನ್ನು ಹೇಳಿದೆ. ಅವರು ನಕ್ಕರು.

“ಮಂದಿಗೆ ಏನರ ಒಂದು ಬೇಕಲ್ರಿ. ಕೆಟ್ಟ ಅತ್ತಿ ಸಿಕ್ಕಳಂದ್ರ ಮತ್ತೊಂದು ಕಾರಣಾ ಹುಡುಕಾಕ ಹೋಗೂದಿಲ್ಲ.”

ಸೊಸೆ ತಾಟಿನಿಂದ ಮುಖ ಎತ್ತಲಿಲ್ಲ. ಅತ್ತೆಗೆ ಎಲ್ಲ ಗೊತ್ತು, ಆದರೆ ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಎರಡು ವರ್ಷದಿಂದ ಸೊರಗುತ್ತಿದ್ದ ಮಗನನ್ನು ಕಂಡಿದ್ದ ತಾಯಿಗೆ ನನ್ನ ಪರೀಕ್ಷೆಯ ಕಾಗದ ಬೇಕಿರಲಿಲ್ಲ.

ಸುದ್ದಿ ತಾಳಿಕೋಟೆ ಕಡೆಯ ತವರಿಗೂ ಮುಟ್ಟಿತು. ಸೊಸೆಯ ಅಣ್ಣ ನಾಲ್ಕು ಮಂದಿ ಹಿರಿಯರನ್ನು ಕರೆತಂದು ಗುಡಿಯ ಕಟ್ಟೆಯ ಮೇಲೆ ಪಂಚಾಯಿತಿ ಕೂಡಿಸಿದ. ಇದನ್ನು ನನಗೆ ಮುಂದೆ ಸೊಸೆಯೇ ಹೇಳಿದ್ದು. ಎಲ್ಲರೆದುರು ಅತ್ತೆಗೆ ಆಡಬಾರದ ಮಾತು ಆಡಿದರಂತೆ. ಅವರು ಸೆರಗು ಮುಂದೆಳೆದುಕೊಂಡು, ತಪ್ಪು ತನ್ನದೇ ಎಂದು ಕೈಮುಗಿದರಂತೆ. ಇನ್ನು ಮೇಲೆ ಮೊಲೆ ಕೊಡಲು ಬಿಡುತ್ತೇನೆ ಎಂದು ಮಾತ್ರ ಅನ್ನಲಿಲ್ಲ. ಸೊಸೆ ತಡೆಯಲಾರದೆ ನಿಜ ಹೇಳಿಬಿಡಲು ಎದ್ದಳು. ಅತ್ತೆ ಗದರಿದರು:

“ಹಿರ್ಯಾರ ಮುಂದ ಬಾಯಿ ತಗೀತಿಯೇನ? ಕೂಸು ಅಳಾಕತ್ತೈತಿ, ಒಳಗ ನಡಿ.”

ಅವರ ದರ್ಪಕ್ಕೆ ಊರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ಅಣ್ಣ ಕರೆದರೂ ತಂಗಿ ತವರಿಗೆ ಹೋಗಲಿಲ್ಲ. ಮುದುಕಿ ಮಾಟ ಮಾಡಿಸಿದ್ದಾಳೆ ಎಂದರು.

ಎಷ್ಟು ಹೇಳಿಕಳಿಸಿದರೂ ಪರೀಕ್ಷೆಗೆ ಬಾರದ ಮಗ ವರ್ಷದೊಳಗೆ ತೀರಿಹೋದ. ಒಂದೂವರೆ ವರ್ಷ ತುಂಬಿದ ಮೇಲೆ ಕೂಸಿನ ರಕ್ತ ನೋಡಿದೆವು. ನೆಗೆಟಿವ್. ತಾಯಿಯನ್ನು ಒಳಗೆ ಕರೆದು ಹೇಳಿದೆ. ಅವಳು ಹೊರಗೆ ಹೋಗಿ, ಬೆಂಚಿನ ಮೇಲಿದ್ದ ಅತ್ತೆಯ ಮುಂದೆ ನಿಂತು, ಇಲ್ಲ ಎಂಬಂತೆ ತಲೆಯಾಡಿಸಿದಳು. ಅವರು ಮೊಮ್ಮಗಳ ಎರಡೂ ಅಂಗಾಲುಗಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಹತ್ತಿರ ಬಂದರು.

“ಇದರದು ಮುಗೀತಲ್ರಿ. ಇನ್ನ ಆಕೀದು ಹೇಳ್ರಿ. ಎಲ್ಲಿಗೆ ಕರಕೊಂಡು ಹೋಗ್ಬೇಕು?”

ಮುಂದೆ ತಿಂಗಳು ತಿಂಗಳು ಸೊಸೆಯನ್ನು ಔಷಧಕ್ಕಾಗಿ ಬಿಜಾಪುರಕ್ಕೆ ಕರೆದೊಯ್ದವರು ಅವರೇ.

ನನಗೆ ಇಂಡಿಗೆ, ಅಲ್ಲಿಂದ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಕಾರ್ಡಿಲ್ಲದೆ ಬಂದ ಬಸುರಿಯರನ್ನು ಬೈಯುವುದನ್ನು ನಾನು ಬಿಟ್ಟಿದ್ದೆ. ಜೊತೆಗೆ ಬಂದ ಅತ್ತೆಯರನ್ನು ಹೊರಗೆ ನಿಲ್ಲಿಸುವುದನ್ನೂ ಬಿಟ್ಟಿದ್ದೆ. ಒಂದು ದಿನ ಆ ಸೊಸೆ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮಗಳೊಂದಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಅತ್ತೆ ತೀರಿಕೊಂಡು ಹದಿನೈದು ದಿನವಾಗಿತ್ತು. ಮಣ್ಣಿಗೆ ಬಂದ ಹೆಂಗಸರು, ಇನ್ನಾದರೂ ನಿನಗೆ ಬಿಡುಗಡೆಯಾಯಿತು ಎಂದು ಸಮಾಧಾನ ಹೇಳಿದರಂತೆ. ಅವಳು ಅತ್ತ ರೀತಿ ನೋಡಿ ಮುಖ ಮುಖ ನೋಡಿಕೊಂಡರಂತೆ.

ಅತ್ತೆ ಅಂಥವರಲ್ಲ ಎಂದು ಈಗಲಾದರೂ ಊರಿಗೆ ಹೇಳಬೇಕಲ್ಲವೇ ಎಂದು ನನ್ನನ್ನು ಕೇಳಿದಳು. ಅದನ್ನು ಹೇಳಬೇಕೆಂದರೆ ತನ್ನದನ್ನೂ ಹೇಳಬೇಕು. ಮಗಳು ಅದೇ ಊರಲ್ಲಿ ಬೆಳೆಯಬೇಕು. ಕೊನೆಗೆ ಮಗಳ ಬೈತಲೆ ಸರಿಮಾಡುತ್ತ ಅವಳೇ ಅಂದಳು:

“ಸದ್ಯ ಈಕಿಗೆ ಒಬ್ಬಾಕಿಗೆ ಹೇಳೇನ್ರಿ, ನಿಮ್ಮ ಆಯಿ ಬಗ್ಗೆ ಊರಾಗ ಅನ್ನೂದು ಒಂದೂ ಖರೇ ಅಲ್ಲ ಅಂತ. ಉಳಿದಿದ್ದು ದೊಡ್ಡಾಕಿ ಆದ ಮ್ಯಾಲ ಹೇಳ್ತೇನಿ.”