ಮೆಂಬರಿಗೆ ಸಿಕ್ಕ ಬೇವಿನ ಕಡ್ಡಿ

ಬ್ರಿಟಿಷರ ಕಾಲದಲ್ಲಿ ನಾನು ನಮ್ಮ ಕಡೆಯ ಅಸೆಂಬ್ಲಿ ಮೆಂಬರಿಗೆ ಕಾರು ಓಡಿಸುತ್ತಿದ್ದೆ. ರಸ್ತೆ ಬದಿಯ ಗಿಡಗಳನ್ನು ಕಡಿಯಬಾರದೆಂದು ಅವರು ಮದ್ರಾಸಿನಲ್ಲಿ ವರ್ಷಗಟ್ಟಲೆ ವಾದಿಸಿ ಗೆದ್ದಿದ್ದರು. ಆದರೂ ಚುನಾವಣೆಯಲ್ಲಿ ಸೋತರು. ಮರುದಿನ ಬೆಳಿಗ್ಗೆ ಆಲೂರಿನ ದಾರಿಯಲ್ಲಿ ಕಾರು ನಿಲ್ಲಿಸಿ, ಹಲ್ಲುಜ್ಜಲೆಂದು ಬೇವಿನ ಕೊಂಬೆಗೆ ಕೈ ಹಾಕಿದರು.

ಕುರಿ ಕಾಯುತ್ತಿದ್ದ ಮುದುಕಿಯೊಬ್ಬಳು ಓಡಿ ಬಂದು ತಡೆದಳು. "ಮುರೀಬ್ಯಾಡಪ್ಪ. ಈ ಗಿಡ ಉಳಿಸಾಕ ಯಾರೋ ಪುಣ್ಯಾತ್ಮ ಮದ್ರಾಸಿನಾಗ ಜಗಳಾಡ್ಯಾನಂತ."

ಇವರೇ ಅವರೆಂದು ಹೇಳಹೋದ ನನ್ನನ್ನು ಮೆಂಬರು ಕಣ್ಸನ್ನೆಯಲ್ಲೇ ತಡೆದರು. "ತಪ್ಪಾತವ್ವ" ಎಂದಾಗ ಅವರ ಕಣ್ಣು ತುಂಬಿತ್ತು.

ಮುದುಕಿಗೆ ಕನಿಕರ ಬಂತು. ತಾನೇ ಒಂದು ಕಡ್ಡಿ ಮುರಿದು ಕೊಟ್ಟಳು. "ಅಳಬ್ಯಾಡೋ ಯಪ್ಪಾ, ತಗೋ. ಆತಗೇನು ಗೊತ್ತಾಗತೈತಿ?"

ಆದೋನಿ ಬರುವ ತನಕ ಅವರು ಅದನ್ನು ಜಗಿಯುತ್ತ ನಗುತ್ತಲೇ ಇದ್ದರು. ಪಾಪ, ಆಸ್ತಿ, ಓದು ಇಲ್ಲದ ಅಂಥ ಮುದುಕಿಯರಿಗೆ ಆಗ ಓಟೇ ಇರಲಿಲ್ಲ.