ಪಕ್ಕದವರ ನೋವು ಕೇಳುವ ಲಿಗಾಯಾ

ನೋವಿನೆಣ್ಣೆಯ ವಾಸನೆ ಬಂದರೆ ನನಗೆ ಅಜ್ಜಿಯ ಹಾಸಿಗೆ ನೆನಪಾಗುತ್ತದೆ. ಕರ್ಪೂರ, ಪುದೀನ ಬೆರೆತ ಅದೇ ಘಾಟು ಬೆಳಗಿನ ಐದೂವರೆಗೆ ಸೆಬು ಪಟ್ಟಣದ ಈ ಕಾಲ್ ಸೆಂಟರಿನ ಏಳನೇ ಮಹಡಿಯಲ್ಲಿ ಹರಡಿದೆ. ಅಳತೆ ಟೇಪು ಹಿಡಿದ ಲಿಗಾಯಾ ಆಬ್ರೆನಿಕಾ ಮೂಗರಳಿಸಿ ನಿಲ್ಲುತ್ತಾರೆ. "ಎಣ್ಣೆ ಹಚ್ಕೊಂಡೋರು ಇದ್ದಾರೆ. ಹಚ್ಕೊಂಡಿದೀನಿ ಅನ್ನೋರು ಒಬ್ರೂ ಸಿಗಲ್ಲ ನೋಡಿ."

ಮೇಜು, ಕುರ್ಚಿ, ಪರದೆಗಳ ಎತ್ತರ ಅಳೆದು, ಅಲ್ಲಿ ಕೂತು ದುಡಿಯುವವರ ಮೈಗೆ ಹೊಂದಿಸುವುದು ಅವರ ಕೆಲಸ. ದಿನಕ್ಕೆ ನಲವತ್ತು ಆಸನ. ಅದರ ಬಗ್ಗೆ ಬರೆಯಲೆಂದು ಇವತ್ತು ನಾನು ಅವರ ಜೊತೆಗಿದ್ದೇನೆ. ಹಿಂದೆ ಹನ್ನೊಂದು ವರ್ಷ ಅವರೂ ಇಂಥದೇ ಕುರ್ಚಿಯಲ್ಲಿ ಕೂತು ಕರೆಗಳಿಗೆ ಉತ್ತರಿಸಿದವರು. ಬಲಗೈ ಹೆಬ್ಬೆರಳು ಇಂದಿಗೂ ಮಡಚುವುದಿಲ್ಲ. "ಏನಿಲ್ಲ, ಏನಿಲ್ಲ ಅಂತಲೇ ಇದ್ದೆ. ಬೆರಳು ಹೋಯ್ತು."

ಇವರು ಬಂದರೆಂದರೆ ಎಲ್ಲರೂ ಮನೆಗೆ ನೆಂಟರು ಬಂದಂತೆ ಮೇಜು ಒಪ್ಪವಾಗಿಸಿ, ಸೊಂಟದ ದಿಂಬು ಬಚ್ಚಿಟ್ಟು ನೆಟ್ಟಗೆ ಕೂರುತ್ತಾರೆ. ತನ್ನ ನೋವು ಹೇಳಿಕೊಳ್ಳುವುದು ಇಲ್ಲಿ ನಾಚಿಕೆ. ಅದಕ್ಕೇ ಲಿಗಾಯಾ ಪಕ್ಕದವರದನ್ನು ಕೇಳುತ್ತಾರೆ.

ನಲವತ್ತೇಳನೇ ಮೇಜಿನ ಮರಿವಿಕ್ ನಗುತ್ತಲೇ ಇದ್ದಾಳೆ. ಶುಕ್ರವಾರ ಅವಳ ಗುತ್ತಿಗೆ ಮುಂದುವರಿಯಬೇಕು. ಕಳೆದ ಸಲ ಕೈನೋವೆಂದ ಇಬ್ಬರದು ಮುಂದುವರಿಯಲಿಲ್ಲ.

"ಆರ್ನೆಲ್, ಪಕ್ಕದವಳು ಹೇಗಿದ್ದಾಳಪ್ಪಾ?"

ಪಕ್ಕದ ಮೇಜಿನ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. "ಅಕ್ಕಾ, ಬಾಗಿಲನ್ನ ಮೊಣಕೈಲಿ ತಳ್ತಾಳೆ. ಬಾಟ್ಲಿ ಮುಚ್ಚಳ ನಾನೇ ತೆಗೆದುಕೊಡ್ಬೇಕು."

"ಮುಚ್ಚೋ ಬಾಯಿ, ಚಾಡಿಕೋರ! ಶುಕ್ರವಾರದಿಂದ ನನ್ನ ಮಕ್ಕಳಿಗೆ ಅನ್ನ ನೀನ್ ಹಾಕ್ತೀಯಾ?" ಮರಿವಿಕ್ ಮುಖ ಬಿಳಚಿಕೊಂಡಿದೆ.

ಲಿಗಾಯಾ ಮೇಜಿಗೆ ಟೇಪು ಹಿಡಿದು ಬರೆದುಕೊಳ್ಳುವಷ್ಟರಲ್ಲಿ ಗಲಾಟೆ ಕೇಳಿದ ಮೇಲ್ವಿಚಾರಕರು ಬಂದು ಹಾಳೆಯತ್ತ ಬಗ್ಗಿ ನೋಡುತ್ತಾರೆ. "ಕೈನೋವು ಯಾರದು? ಹೆಸರು ಬರೀರಿ."

ಮರಿವಿಕ್ ಎರಡೂ ಅಂಗೈಗಳನ್ನು ತೊಡೆಯಡಿ ಸರಿಸುತ್ತಾಳೆ.

"ಕೈ ನೋಡೋರು ಡಾಕ್ಟರು, ಸರ್. ನಾನು ನೋಡೋದು ಮೇಜು. ಇದು ಮೂರಿಂಚು ಜಾಸ್ತಿ ಎತ್ತರ ಇದೆ, ಯಾರು ಕೂತರೂ ಮಣಿಕಟ್ಟು ಕೆಡುತ್ತೆ. ಹೆಸರಿನ ಜಾಗದಲ್ಲಿ ನಲವತ್ತೇಳು ಅಂತ ಬರೆದಿದೀನಿ."

ಮೇಲ್ವಿಚಾರಕರು ಲಿಗಾಯಾರನ್ನು ದಿಟ್ಟಿಸುತ್ತಾರೆ. ಲಿಗಾಯಾ ಕಣ್ಣು ತಗ್ಗಿಸುವುದಿಲ್ಲ. ಕೊನೆಗೆ ಮೇಲ್ವಿಚಾರಕರೇ ಹಾಳೆಗೆ ಸಹಿ ಹಾಕಿ, ಮೇಜು ತಗ್ಗಿಸಲು ಹೇಳಿ ಹೋಗುತ್ತಾರೆ.

"ಡಾಕ್ಟರ ಹತ್ರ ಇವತ್ತೇ ಹೋಗು, ತಾಯೀ," ಎಂದು ಲಿಗಾಯಾ ಪಿಸುಗುಡುತ್ತಾರೆ. ಆಮೇಲೆ ನನ್ನತ್ತ ತಿರುಗಿ, "ನಾನು ಕೇಳೋ ಮುಂಚೆ ಒಬ್ರಾದ್ರೂ 'ಅಕ್ಕಾ, ನೋಯ್ತಿದೆ' ಅಂದ್ರೆ ಸಾಕು ನಂಗೆ."

ಪಾಳಿ ಮುಗಿಯುತ್ತದೆ. ಮರಿವಿಕ್ ಇನ್ನೂ ಆರ್ನೆಲ್‌ನ ಮುಖ ನೋಡುತ್ತಿಲ್ಲ. ಬೆಳ್ಳುಳ್ಳಿ ಅನ್ನ, ಒಣಮೀನಿದ್ದ, ಮುಚ್ಚಳ ಇನ್ನೂ ತೆರೆಯದ ತನ್ನ ಡಬ್ಬಿಯನ್ನು ಎಡಗೈಯಿಂದ ಮೆಲ್ಲಗೆ ಅವನ ಮುಂದಕ್ಕೆ ಸರಿಸುತ್ತಾಳೆ.