ತೊಳೆದಿಟ್ಟ ಗೊಜ್ಜಿನ ಪಾತ್ರೆ

ಬ್ಯಾಡಗಿ ಮೆಣಸಿನಕಾಯಿಯನ್ನು ಕಪ್ಪಗಾಗುವಷ್ಟು ಹುರಿದರೆ ಏಳುವ ಘಾಟು ಫ್ರಾಂಕ್‌ಫರ್ಟಿನ ನಮ್ಮ ಮನೆಯಲ್ಲಿ ಅಡಗುವಂಥದ್ದಲ್ಲ. ಮೊನ್ನೆ ಭಾನುವಾರ ಹೆಂಡತಿ ಕೆಮ್ಮುತ್ತಾ, “ಕಿಟಕಿ ತಗೀರಿ, ಕೆಳಗಿನ ಮನಿಯಾಕಿ ಮತ್ತ ಬೆಲ್ ಹೊಡೀತಾಳ” ಎಂದಳು. ನನಗೆ ಮಾತ್ರ ಆಯಿ ಪಕ್ಕದಲ್ಲೇ ನಿಂತಂತಾಯಿತು...

ಇದೇ ಜರ್ಮನಿಯ ಆಖೆನ್‌ನಲ್ಲಿ ಓದುತ್ತಿದ್ದಾಗ ನಾನು ಒಂದು ಮೆಕ್ಸಿಕನ್ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅಗಲವಾದ ತಟ್ಟೆಯ ನಡುವೆ ಅಂಗೈಯಷ್ಟು ಊಟ ಬಡಿಸುವ ದುಬಾರಿ ಜಾಗ. ಅದಕ್ಕೆ ಹೆಸರು ತಂದದ್ದು ಆಯಿಯ ಕರಿ ಗೊಜ್ಜು. ಆಕೆ ಮೆಕ್ಸಿಕೋದ ಮುದುಕಿ. ಹುಬ್ಬಳ್ಳಿಯವನಾದ ನಾನು ಅಜ್ಜಿಯನ್ನು ಕರೆಯುವಂತೆ ಆಯಿ ಎನ್ನುತ್ತಿದ್ದೆ. ಹುರಿದ ಮೆಣಸಿನಕಾಯಿ, ಎಳ್ಳು, ಕೋಕೋ ಅರೆದು ಹಳೆಯ ಗೊಜ್ಜಿಗೆ ದಿನವೂ ಬೆರೆಸಿ ಕುದಿಸುತ್ತಿದ್ದಳು. ಮೊಸರಿಗೆ ಹೆಪ್ಪು ಉಳಿಸುವಂತೆ ತಳದಲ್ಲಿ ಒಂದಿಷ್ಟು ಉಳಿಯಲೇಬೇಕು. ಹಾಗಾಗಿ ಆ ಪಾತ್ರೆ ನನ್ನ ಸಿಂಕಿಗೆ ಎಂದೂ ಬರುತ್ತಿರಲಿಲ್ಲ. ಒಮ್ಮೆ ಅವಳ ಮೆಣಸಿನಕಾಯಿ ತೀರಿದಾಗ ಊರಿನ ಬ್ಯಾಡಗಿ ಕೊಟ್ಟೆ. ಮೂಸಿ ನೋಡಿ ನನ್ನ ಗಲ್ಲ ಹಿಂಡಿದಳು.

ಪತ್ರಿಕೆಯವರು ಬಂದ ದಿನ ಮಾಲೀಕ ಅವಳನ್ನು ಉಗ್ರಾಣಕ್ಕೆ ಕಳಿಸಿ, ಈ ಗೊಜ್ಜು ತಾನೇ ಊರೂರು ಅಲೆದು ಕಂಡುಕೊಂಡದ್ದು ಎಂದ. ಮರುವಾರ ಅವಳಿಗೆ, ನಾಳೆಯಿಂದ ಬರಬೇಡ ಎಂದ. ಪಾತ್ರೆಯಲ್ಲಿ ಗೊಜ್ಜಿದ್ದರೆ ಸಾಕು, ಕೈ ಯಾರದಾದರೇನು ಎಂಬ ಎಣಿಕೆ. ಉಂಡ ಮನೆಯ ಜಂತಿ ಎಣಿಸಿದ ಗಿರಾಕಿ!

ಆಯಿ ಅಳಲಿಲ್ಲ. ಒಂದು ಜಾಡಿ ಗೊಜ್ಜು ತುಂಬಿ ನನ್ನ ಚೀಲದಲ್ಲಿಟ್ಟಳು. ಮಿಕ್ಕಿದ್ದನ್ನು ಮೋರಿಗೆ ಸುರಿದು, ಪಾತ್ರೆಯನ್ನು ಸಿಂಕಿಗೆ ತಂದು, ಹರಕು ಜರ್ಮನ್‌ನಲ್ಲಿ “ಇದನ್ನೂ ತೊಳೆ” ಎಂದಳು. ಸೋಪು ಹಾಕಿ, ಗಸಗಸ ಉಜ್ಜಿ, ಬಿಸಿನೀರು ಬಿಟ್ಟು ಫಳಫಳ ಹೊಳೆಯುವಂತೆ ತೊಳೆದೆ. ಅಷ್ಟು ಖುಷಿಯಿಂದ ನಾನು ಇನ್ಯಾವ ಪಾತ್ರೆಯನ್ನೂ ತೊಳೆದಿಲ್ಲ.

ಅವಳು ತನ್ನ ದೇಶಕ್ಕೆ ಹೋದಳು. ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, “ಅದು ಬದುಕಿದೆಯಾ?” ಎಂದು. ಬದುಕಿತ್ತು; ಬ್ಯಾಡಗಿ ಉಣಿಸಿ ನಾನು ಸಾಕಿದ್ದೆ. ಹೋದ ಚಳಿಗಾಲದಲ್ಲಿ ಆಯಿಯೇ ಹೋದಳೆಂದು ಅವಳ ಮಗಳು ತಿಳಿಸಿದಳು...

ಮೊನ್ನೆ ಬೆಲ್ ಹೊಡೆದದ್ದು ಕೆಳಗಿನ ಮನೆಯವಳಲ್ಲ, ಅದೇ ಮಾಲೀಕ. ತಲೆ ನರೆತಿತ್ತು. ಜಾಡಿಯ ಸುದ್ದಿ ಆಯಿಯ ಮಗಳಿಂದ ಸಿಕ್ಕಿತಂತೆ. ಇಲ್ಲಿ ಹೊಸ ರೆಸ್ಟೋರೆಂಟ್ ತೆರೆಯುತ್ತಾನಂತೆ. ಆ ರುಚಿ ಮತ್ತೆ ಬರಲೇ ಇಲ್ಲವಂತೆ. “ಒಂದೇ ಒಂದು ಚಮಚ ಕೊಡು” ಎಂದ.

ಹೆಪ್ಪು ಕೇಳಿ ಬಂದವರನ್ನು ನಮ್ಮಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ನಾನು ಕಳಿಸಿದೆ. ಒಲೆಯ ಹೊಗೆ ನನ್ನ ಹೆಗಲ ಮೇಲಿಂದ ಅವನ ಮೂಗಿಗೆ ಬಡಿಯುತ್ತಿರುವಾಗಲೇ, “ಆ ಜಾಡಿಯಾ? ತೊಳೆದುಬಿಟ್ಟೆ” ಎಂದೆ. ಸುಳ್ಳೆಂದು ಅವನಿಗೆ ಗೊತ್ತಾಯಿತು. ಗೊತ್ತಾಗಲಿ ಎಂದೇ ಹೇಳಿದ್ದು. ಬಾಗಿಲು ಹಾಕಿದಾಗ ಹಾಲು ಕುಡಿದಷ್ಟು ಸಂತೋಷವಾಯಿತು.

“ಒಂದ್ ಚಮಚ ಕೊಟ್ಟಿದ್ರ ನಿಮ್ಮ ಗಂಟೇನ್ ಹೋಗ್ತಿತ್ರೀ?” ಎಂದಳು ಹೆಂಡತಿ.

ನಾನು ಫೋನ್ ಎತ್ತಿಕೊಂಡೆ, ಮೊದಲು ಆಯಿಗೆ ಹೇಳಬೇಕೆಂದು. ಅವಳ ಹೆಸರು ಇನ್ನೂ ಫೋನಿನಲ್ಲಿತ್ತು. ಒತ್ತಲು ಹೋದಾಗ ನೆನಪಾಯಿತು.